ತೇಗದೆಲೆಯ ಮರುಭೂಮಿ

ನಾನು ಓದು ನಿಲ್ಲಿಸಿದ್ದು 1996ರಲ್ಲಿ, ಎಂಟನೇ ತರಗತಿ ಮುಗಿಯುವ ಮುನ್ನವೇ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಬಣ್ಣದ ಕೆಲಸ ಕೈ ಹಿಡಿಯಿತು, ನಾನೂ ಅದರ ಕೈ ಬಿಡಲಿಲ್ಲ. ಮೊನ್ನೆ ಗುಂಡ್ಲುಪೇಟೆಯ ಹೊಸ ಮನೆಯೊಂದರಲ್ಲಿ ಹಾಲ್‌ನ ಗೋಡೆಗೆ ಮರುಭೂಮಿಯ ಚಿತ್ರ ಬೇಕೆಂದರು. ಒಪ್ಪಿಕೊಂಡವನು ನೇರ ಬಂಡೀಪುರದ ದಾರಿಯ ಹಂಗಳದ ಕಡೆ ಬೈಕು ತಿರುಗಿಸಿ, ರಸ್ತೆಬದಿಯಲ್ಲಿ ಬಿದ್ದಿದ್ದ ತೇಗದ ತರಗೆಲೆಗಳನ್ನು ಚೀಲಕ್ಕೆ ತುಂಬಿಕೊಂಡೆ. ಬಿಸಿಲಿಗೆ ಕಾದ ಆ ಎಲೆಯ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ಭೀಮನಬೀಡಿನ ನಮ್ಮ ಮಣ್ಣಿನ ಮನೆಯ ನಡುಮನೆಯ ಗೋಡೆ ಕಣ್ಣೆದುರು ಬಂದು ನಿಂತಿತು. ನಿಮ್ಮ ಮನೆಯಲ್ಲೂ ಅಂಥದೊಂದು ಗೋಡೆ ಇದ್ದಿರಬಹುದು.

ಆ ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ನಾನು, ಜೊತೆಗೆ ಅಪ್ಪನ ತಂಗಿ ಸಿದ್ದಮ್ಮತ್ತೆ. ಅತ್ತೆಯ ಗಂಡ ಮಿಲಿಟರಿಯಲ್ಲಿದ್ದರು. ಮದುವೆಯಾದ ವರ್ಷವೇ ರಾಜಸ್ಥಾನಕ್ಕೆ ಹಾಕಿದ್ದರು. ಮಾವನದು ಮಾತು ಕಮ್ಮಿ. ಅಲ್ಲಿ ಹೇಗಿದೆ ಎಂದು ಯಾರು ಕೇಳಿದರೂ 'ಮರಳು' ಅನ್ನುವುದು ಬಿಟ್ಟು ಇನ್ನೊಂದು ಮಾತಿಲ್ಲ. ಒಂದು ಸಂಜೆ ರಾಗಿ ಬೀಸುತ್ತಿದ್ದ ಅತ್ತೆ ಕಲ್ಲು ನಿಲ್ಲಿಸಿ, "ಅಣ್ಣ, ಅವ್ರು ಬೆಳಿಗ್ಗೆ ಕಣ್ ಬುಟ್ರೆ ಏನ್ ಕಾಣ್ತದೆ ಅಂತ ನಾನೂ ನೋಡ್ಬೇಕು. ಗ್ವಾಡೆ ಮೇಲೆ ಬರ್ಕೊಡು" ಎಂದಳು. ಊರೂರಿನ ಗೋಡೆಗೆ ಸುಣ್ಣ ಬಳಿದು, ಕೇಳಿದವರಿಗೆ ಬಾಗಿಲ ಮೇಲೆ ನವಿಲು, ಗಿಳಿ ಬರೆದುಕೊಡುತ್ತಿದ್ದ ಅಪ್ಪ ಇಲ್ಲವೆನ್ನಲಿಲ್ಲ. ಅವನಿಗೆ ಗೊತ್ತಿದ್ದದ್ದು ಹಳ್ಳದ ಮರಳು, ಬೂದುಬಿಳಿ ಬಳಿದ. ಅಜ್ಜಿ ನೋಡಿ, "ಏನ್ಲಾ ಇದು, ಒಲೆ ಬೂದಿ ಸುರ್ದಂಗದೆ. ನನ್ ಅಳಿಯ ಇದ್ರೊಳ್ಗೆ ಮಲಗವ್ನಾ?" ಎಂದಳು.

ಶಿವರಾತ್ರಿ ಕಳೆದು, ಕಾಡು ಎಲೆ ಉದುರಿಸುವ ಕಾಲ. ಹಂಗಳದಲ್ಲಿ ಕೆಲಸ ಮುಗಿಸಿ ನನ್ನನ್ನು ಹಿಂದೆ ಕೂರಿಸಿಕೊಂಡು ಬರುವಾಗ ಅಪ್ಪ ಸೈಕಲ್ ನಿಲ್ಲಿಸಿ, ಬಂಡೀಪುರದ ಕಡೆಯ ಗುಡ್ಡಗಳನ್ನೇ ನೋಡುತ್ತ ನಿಂತುಬಿಟ್ಟ. ತೇಗ ತಾಮ್ರಕ್ಕೆ ತಿರುಗಿತ್ತು, ಒಣಹುಲ್ಲು ಇಳಿಬಿಸಿಲಿಗೆ ಹೊಳೆಯುತ್ತಿತ್ತು. ಗುಡ್ಡದ ಹಿಂದೆ ಗುಡ್ಡ, ಎಲ್ಲೂ ಹಸಿರಿಲ್ಲ. "ಬಣ್ಣ ಇಲ್ಲೇ ಅದೆ ಕಣ್ಲಾ" ಎಂದ. ಆಯ್ದು ತಂದ ಎಲೆಗಳನ್ನು ನಡುಮನೆಯಲ್ಲಿ ಹರಡಿ, ಕೆಮ್ಮಣ್ಣು, ಅರಿಶಿನ ಕಲಸಿ, ಎಲೆಯ ಪಕ್ಕ ಹಿಡಿದು ನೋಡಿ ನೋಡಿ ಬಳಿದ. ಅರಿಶಿನಕ್ಕೆ ಸುಣ್ಣ ತಾಗಿ ಆರತಿಯ ನೀರಿನಂತೆ ಕೆಂಪೇರಿದರೂ ಒರೆಸಲಿಲ್ಲ. ಅದನ್ನೇ ಗುಡ್ಡದ ನೆರಳಾಗಿಸಿದ. ಆಮೇಲೆ ಅತ್ತೆ ದಿನವೂ ಎದ್ದವಳೇ ಆ ಗೋಡೆಯೆದುರು ಕೂತು ಕಾಫಿ ಕುಡಿಯುವಳು.

ಮಾವ ರಜೆಯ ಮೇಲೆ ಬಂದರು. ಟ್ರಂಕು ಇಳಿಸುವ ಮೊದಲೇ ಅತ್ತೆ ಗೋಡೆ ತೋರಿಸಿದಳು. ಬಹಳ ಹೊತ್ತು ನೋಡಿ, "ಇದು ನಮ್ ಹಂಗಳದ್ ಕಾಡು ಕಣಮ್ಮಿ. ಅಲ್ಲಿ ಇಂಗಿಲ್ಲ" ಎಂದರು. ಅತ್ತೆಯ ಮುಖ ಇಳಿಯಿತು. ಅಪ್ಪ ಸುಣ್ಣದ ಮಡಕೆ ಎತ್ತಿಕೊಂಡ, ಅಳಿಸಿಬಿಡಲು. ಮಾವ ಅವನ ಕೈ ಹಿಡಿದರು.

"ಇರ್ಲಿ ಬುಡು ಭಾವ. ಅಲ್ಲಿ ಕಣ್ ಮುಚ್ಚುದ್ರೆ ನಂಗ್ ಕಾಣದು ಇದೇಯ."

ಅತ್ತೆ ಸೆರಗನ್ನು ಬಾಯಿಗೊತ್ತಿ ಒಳಗೆ ಹೋದಳು. ಅಜ್ಜಿ ಮಾತ್ರ, "ಮಾತಾಡ್ತನೆ ಬುಡು ನನ್ ಅಳಿಯ. ಮೂಗ ಅನ್ಕಂಡಿದ್ದೆ" ಎಂದು ಎಲೆ ಅಡಿಕೆ ಬಾಯಿಗಿಟ್ಟಳು.

ಅವರು ಯಾರೂ ಈಗಿಲ್ಲ. ಅರಿಶಿನದ ಬಣ್ಣ ಬಹಳ ಕಾಲ ನಿಲ್ಲುವಂಥದಲ್ಲ. ಮಳೆಗೆ ನೆನೆದ ಗೋಡೆಯನ್ನು ನಾನೇ ಕೆಡವುವ ಹೊತ್ತಿಗೆ ಗುಡ್ಡಗಳೆಲ್ಲ ಮಾಸಿದ್ದವು. ಅದೇ ಜಾಗದಲ್ಲಿ ನನ್ನ ದುಡಿಮೆಯಿಂದಲೇ ಮನೆ ಎಬ್ಬಿಸಿದೆ. ಈಗ ನನ್ನ ಬಳಿ ಇರುವುದು ಒಂದು ತಾರಸಿ ಮನೆ, ಒಂದು ಬೈಕು, ಎರಡು ಏಣಿ, ಕೂದಲು ಸವೆದ ಅಪ್ಪನದೊಂದು ಬ್ರಶ್ಶು, ಒಂದು ಚೀಲ ತೇಗದೆಲೆ.