ಹದಿಮೂರು ಫೋನುಗಳಲ್ಲಿ ಅವಳ ಐಡಿ

ಹೆಂಡತಿ ತೀರಿಕೊಂಡ ಐದನೆಯ ತಿಂಗಳಲ್ಲಿ ಹೊನ್ನಾಳಿಯಿಂದ ಒಬ್ಬರು ಫೋನ್ ಮಾಡಿದರು. ಚನ್ನಗಿರಿಯ ಒಂದು ಪ್ರೌಢಶಾಲೆಯಲ್ಲಿ ನನಗೆ ಅಟೆಂಡರ್ ಕೆಲಸ. ಆಗ ಆಫೀಸಿನಲ್ಲಿ ಕೂತು ಹಾಜರಿ ಪುಸ್ತಕಗಳಿಗೆ ರಟ್ಟು ಅಂಟಿಸುತ್ತಿದ್ದೆ. ಕೈಯೆಲ್ಲ ಗೋಂದಾಗಿತ್ತು.

"ಜಡೆ ಅಕ್ಕಾರ ಯಜಮಾನ್ರಾ?"

"ಹೌದ್ರಿ."

"ಅಕ್ಕಾರು ಹೆಂಗದಾರೆ?"

ಇವರಿಗೆ ಸುದ್ದಿ ಮುಟ್ಟಿಲ್ಲವೆಂದುಕೊಂಡೆ. "ಅವಳು ತೀರಿಕೊಂಡು ಐದು ತಿಂಗಳಾತು ಸಾರ್" ಎಂದೆ.

"ಗೊತ್ತೈತೆ. ಬೆಳಗ್ಗೆ ವಿಚಾರಿಸ್ದೆ. ನಿಮ್ಮ ಬಾಯಿಂದ ಬರ್ಲಿ ಅಂತ ಕೇಳ್ದೆ. ಹಂಗಾದ್ರೆ ನಿನ್ನೆ ಮಧ್ಯಾಹ್ನ ನನ್ನ ಮಗಳಿಗೆ ಮೆಸೇಜ್ ಮಾಡಿದ್ದು ಯಾರ್ರಿ?"

ಅವರ ಮಗಳಿಗೆ ಮದುವೆ ಗೊತ್ತಾಗಿತ್ತು. ನನ್ನ ಹೆಂಡತಿ ತಾನು ಕಟ್ಟಿದ ಜಡೆಗಳ ಫೋಟೋ ಹಾಕಲು ಫೋನಿನಲ್ಲಿ ಒಂದು ಐಡಿ ಇಟ್ಟುಕೊಂಡಿದ್ದಳು; ಮೊಗ್ಗಿನ ಜಡೆ ಬೇಕೆಂದು ಆ ಹುಡುಗಿ ಅದಕ್ಕೆ ಬರೆದಿದ್ದಳು. ಉತ್ತರ ಬಂದಿತ್ತು. ಜಡೆಯ ಅಳತೆ ನೋಡಬೇಕು, ಬೆನ್ನಿನ ಕಡೆಯಿಂದ ಫೋಟೋ ಕಳಿಸು ಎಂದು. ಕಳಿಸಿದ್ದಾಳೆ. ಸರಿಯಾಗಿ ಕಾಣುತ್ತಿಲ್ಲ, ಇನ್ನೊಂದು ಕಳಿಸು ಎಂದು ಬಂದಿದೆ. ಅದನ್ನೂ ಕಳಿಸಿದ್ದಾಳೆ.

"ಮೂರನೇದು ಎಂಥಾ ಫೋಟೋ ಕೇಳ್ಯಾರೆ ಅಂತ ಹೇಳಾಕೆ ನನ್ನ ಬಾಯಿ ಬರಲ್ಲ. ಹುಡುಗಿ ಕಳ್ಸಿಲ್ಲ, ಪುಣ್ಯ. ಅವ್ರವ್ವನ ಮುಂದೆ ಅತ್ಕಂಡು ಹೇಳ್ಯಾಳೆ. ಅಲ್ರಿ, ಸತ್ತೋರ ಫೋನು ಯಾರ ಹತ್ರ ಇರ್ತೈತೆ? ಗಂಡನ ಹತ್ರ ಅಲ್ವೇನ್ರಿ?"

ನಾನಲ್ಲ ಎಂದು ನಾಲ್ಕೈದು ಸಲ ಹೇಳಿರಬೇಕು. ಪೊಲೀಸರಿಗಾದರೂ ದೂರು ಕೊಡಿ, ಯಾರೆಂದು ಗೊತ್ತಾಗುತ್ತದೆ ಎಂದೆ.

"ಮದುವೆ ಆಗೋ ಹುಡುಗಿ ಹೆಸರು ಸ್ಟೇಷನ್ನಾಗೆ ಬರೆಸ್ಲೇನು? ನಾನು ಹೋಗಲ್ಲ. ಅದು ನಿಮ್ಮ ಅದೃಷ್ಟ ಅಂದ್ಕಳ್ರಿ" ಎಂದು ಅವರು ಫೋನ್ ಇಟ್ಟರು. ರಟ್ಟು ಪುಸ್ತಕಕ್ಕೆ ಸೊಟ್ಟಗೆ ಅಂಟಿಕೊಂಡಿತ್ತು. ಅದನ್ನು ಕಿತ್ತು ಮತ್ತೆ ಅಂಟಿಸಲು ಆಗಲಿಲ್ಲ.

ನನ್ನ ಹೆಂಡತಿ ಮದುಮಕ್ಕಳಿಗೆ, ಬಸುರಿಯರಿಗೆ ಮೊಗ್ಗಿನ ಜಡೆ ಕಟ್ಟುತ್ತಿದ್ದಳು. ರಟ್ಟಿನ ಪಟ್ಟಿಯ ಮೇಲೆ ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಸೂಜಿದಾರದಿಂದ ಹೊಲಿಯುವ ಕೆಲಸ ಅದು. ಹೊನ್ನಾಳಿ, ನ್ಯಾಮತಿ, ದೂರದ ಜಗಳೂರಿನವರೆಗೂ ಕರೆಸಿಕೊಳ್ಳುತ್ತಿದ್ದರು. ರಜೆ ಹಾಕಿ ನಾನೇ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವಳು ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಒಳಗೆ ಹೋದರೆ ನಾನು ಹೊರಗೆ ಗಾಡಿಯ ಹತ್ತಿರ ಕೂರುತ್ತಿದ್ದೆ. ಆ ಮನೆಗಳ ಒಳಗನ್ನು ನಾನು ನೋಡಿದವನಲ್ಲ.

ಜಡೆ ಎಲ್ಲಿಯವರೆಗೆ ಇಳಿಯಬೇಕೆಂದು ತಿಳಿಯಲು ಅವಳು ಮೊದಲೇ ಹುಡುಗಿಯರಿಂದ ಬೆನ್ನಿನ ಫೋಟೋ ತರಿಸಿಕೊಳ್ಳುತ್ತಿದ್ದಳು. ಇದು ನನಗೆ ಗೊತ್ತಿತ್ತು. ಯಾರೋ ಅವಳ ಹಳೆಯ ಮೆಸೇಜುಗಳನ್ನೆಲ್ಲ ತೆರೆದು ನೋಡಿ, ಅವಳು ಕೇಳುತ್ತಿದ್ದ ಹಾಗೆಯೇ ಕೇಳಿದ್ದರು.

ಅವಳ ಐಡಿ ನೋಡೋಣವೆಂದರೆ ನನಗೆ ದಾರಿಯೇ ಇರಲಿಲ್ಲ. ಅದಕ್ಕೆ ಕಾರಣ ನಾನೇ. ಜ್ವರವೆಂದು ಮಲಗಿದವಳು ಎಂಟೇ ದಿನಕ್ಕೆ ಹೋದಳು. ಕಾರ್ಯವೆಲ್ಲ ಮುಗಿದ ಮೇಲೆ ಅವಳ ಫೋಟೋಗಳನ್ನು ನೋಡಬೇಕೆನಿಸಿತು. ಫೋನಿನ ಲಾಕ್ ಗೊತ್ತಿರಲಿಲ್ಲ. ಅಂಗಡಿಗೆ ಕೊಟ್ಟು, ಲಾಕ್ ತೆಗೆದುಕೊಡಿ ಎಂದೆ. ತೆಗೆದುಕೊಟ್ಟರು. ಒಳಗಿದ್ದುದೆಲ್ಲ ಅಳಿಸಿಹೋಗಿತ್ತು. ಹೊಸ ಫೋನಿನ ಹಾಗೆ, ಯಾವ ಭಾಷೆ ಬೇಕು ಎಂದು ನನ್ನನ್ನು ಕೇಳಿತು. ಸಿಮ್ಮಿಗೆ ನಾನು ರೀಚಾರ್ಜ್ ಮಾಡಿಸಲಿಲ್ಲ. ಯಾರು ಮಾತಾಡಬೇಕು ಅದರಲ್ಲಿ ಎಂದುಕೊಂಡಿದ್ದೆ. ಹೊನ್ನಾಳಿಯವರು ಮಾತಾಡಿದ ದಿನ ಅವಳ ನಂಬರಿಗೆ ಫೋನ್ ಮಾಡಿದರೆ ಚಾಲ್ತಿಯಲ್ಲಿಲ್ಲ ಎಂದಿತು.

ಒಂದೇ ದಾರಿ ಉಳಿದಿತ್ತು. ಅವಳ ಫೋನಿನ ಕ್ಯಾಮೆರಾ ಗಾಜು ಒಡೆದಿತ್ತು. ಜಡೆ ಮುಡಿಸಿದ ಮೇಲೆ ಆ ಮನೆಯವರ ಫೋನಿನಲ್ಲೇ ಫೋಟೋ ತೆಗೆಸಿ, ಅದರಲ್ಲೇ ತನ್ನ ಐಡಿ ತೆರೆದು ಹಾಕಿ ಬರುತ್ತಿದ್ದಳು. ಕಳಿಸುತ್ತೇವೆ ಎಂದವರು ಮದುವೆ ಗಡಿಬಿಡಿಯಲ್ಲಿ ಮರೆಯುತ್ತಾರೆ ಎನ್ನುತ್ತಿದ್ದಳು. ತೆರೆದದ್ದನ್ನು ಮುಚ್ಚಿ ಬರಬೇಕೆಂದು ಅವಳಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಹಾಗಾದರೆ ಯಾವುದಾದರೂ ಮನೆಯ ಫೋನಿನಲ್ಲಿ ಅದು ಇನ್ನೂ ತೆರೆದಿರಬೇಕು.

ಮೊದಲು ಕೆರೆಬಿಳಚಿಯ ಒಂದು ಮನೆಗೆ ಹೋದೆ. ಅವರ ಫೋನು ನೀರಿಗೆ ಬಿದ್ದು ಹಾಳಾಗಿತ್ತು. ನ್ಯಾಮತಿಯಲ್ಲಿ ಬಾಗಿಲು ತೆರೆದ ಹೆಂಗಸು, ನಾನು ಯಾರೆಂದು ಹೇಳಿದ ಕೂಡಲೇ ತಲೆಯ ಮೇಲೆ ಸೆರಗೆಳೆದುಕೊಂಡರು. ಸುದ್ದಿ ಅಲ್ಲಿಗೂ ಹೋಗಿತ್ತು.

"ಗಂಡಸರಿಲ್ಲ ಮನಿಯಾಗೆ" ಎಂದರು.

"ಫೋನ್ ಒಂದು ಸಲ ನೋಡಬೇಕಿತ್ತು ತಾಯಿ. ನನ್ನ ಕೈಗೆ ಕೊಡಬೇಡಿ, ನೀವೇ ನೋಡಿ ಹೇಳಿದ್ರೂ ಸಾಕು."

"ಹೆಣ್ಮಕ್ಕಳ ಫೋನು ನಿಮಗ್ಯಾಕ್ರಿ ಬೇಕು?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ. ಪಕ್ಕದ ಮನೆಯವರು ನೋಡಿದ್ದರಿಂದ ಹೊರಟೆ.

ಅವಳು ಕೊನೆಯ ಜಡೆ ಕಟ್ಟಿದ್ದು ಜಗಳೂರಿನ ಆಚೆ ಸೊಕ್ಕೆಯಲ್ಲಿ. ಭಾನುವಾರ ಅಲ್ಲಿಗೆ ಹೋದೆ. ಆ ಮದುಮಗಳ ಸೋದರತ್ತೆ ಅಂಗನವಾಡಿ ಟೀಚರ್. ನಾನು ಹೇಳುವುದನ್ನು ಅವರು ನಿಂತೇ ಪೂರ್ತಿ ಕೇಳಿದರು. ನಂತರ, "ಒಳಗೆ ಬರ್ರಿ ಅಣ್ಣ. ಬಾಗಿಲಾಗೆ ನಿಂತು ಮಾತಾಡೋ ವಿಷಯ ಅಲ್ಲ ಇದು" ಎಂದರು. ಅವಳು ಹೋದ ಮನೆಗಳಲ್ಲಿ ನಾನು ಒಳಗೆ ಕಾಲಿಟ್ಟದ್ದು ಅದೊಂದಕ್ಕೇ.

ಅವರ ಫೋನಿನಲ್ಲಿ ಐಡಿ ತೆರೆದೇ ಇತ್ತು. "ಅಕ್ಕ ತೆರೆದದ್ದು. ನಾನು ತಿರುಗಿ ನೋಡೇ ಇಲ್ಲ. ನಂದು ಬೇರೆ ಐತೆ" ಎಂದು ಸೆಟ್ಟಿಂಗ್ಸ್ ಒಳಗೆ ಹೋಗಿ ಒಂದು ಪಟ್ಟಿ ತೋರಿಸಿದರು. ಅವಳ ಐಡಿ ಯಾವ ಯಾವ ಫೋನಿನಲ್ಲಿ ತೆರೆದಿದೆ ಎಂಬ ಪಟ್ಟಿ. ಹದಿಮೂರು ಫೋನುಗಳು. ಫೋನಿನ ಕಂಪನಿ, ಕೆಳಗೆ ಊರು, ಅದರ ಕೆಳಗೆ ಕಡೆಯ ಸಲ ಯಾವಾಗ ನೋಡಿದ್ದು ಎಂದು. ತಾರೀಕು ನೋಡಿದರೆ ನನಗೆ ಮದುವೆಗಳು ನೆನಪಾದವು. ಇದು ಮೊಗ್ಗು ಸಾಲದೆ ನಾನು ದಾವಣಗೆರೆಗೆ ಓಡಿದ ದಿನ. ಇದು ಅವಳಿಗೆ ಸೀರೆ ಉಡಿಸಿ ಕಳಿಸಿದ ಮನೆ.

"ಇಲ್ನೋಡ್ರಿ, ಇದೊಂದು ಈಗ್ಲೂ ಚಾಲೂ ಐತೆ. ನ್ಯಾಮತಿ ಅಂತೈತೆ."

ನ್ಯಾಮತಿ ಎಂದ ಕೂಡಲೇ ನಾನು ಎದ್ದು ನಿಂತೆ. ಅವರು ಕೈ ಅಡ್ಡ ಮಾಡಿದರು. "ಎಲ್ಲಿಗೆ ಹೊಂಟ್ರಿ? ಊರಿನ ಹೆಸರು ನಂಬಬ್ಯಾಡ್ರಿ. ನಮ್ಮ ಅಂಗನವಾಡಿ ಫೋನು ಸೊಕ್ಕೆಯಾಗೆ ಕುಂತು ಹುಬ್ಬಳ್ಳಿ ಅಂತ ತೋರಿಸ್ತೈತೆ. ಕಂಪನಿ ನೋಡಿ ಹಿಡಿಯಾನ ಅಂದ್ರೆ, ಏಳು ಒಂದೇ ಕಂಪನಿವು. ನಿಮ್ಮ ಕೈಯಾಗಿರೋದೂ ಅದೇ."

ಅದೂ ನಿಜ. ನಾನು ಕೂತೆ.

"ಪಾಸ್‌ವರ್ಡ್ ಬದಲಿ ಮಾಡಿದ್ರೆ ಅವನು ತಿರುಗಿ ಬರಾಕೆ ಆಗಲ್ಲ. ಬದಲಿ ಮಾಡಾಕೆ ಹಳೇದು ಹಾಕ್ಬೇಕು. ಹೇಳ್ರಿ."

"ನಂಗೆ ಗೊತ್ತಿಲ್ಲ ಟೀಚರ್."

ಅವರು ನಕ್ಕರು. ನಗಬಾರದಿತ್ತೆಂದು ಕೂಡಲೇ ಸುಮ್ಮನಾದರು. "ನಿಮಗೆ ಗೊತ್ತಿಲ್ವಾ? ನಮಗೆಲ್ಲ ಗೊತ್ತೈತಲ್ಲ ಅಣ್ಣ. ಅಕ್ಕ ಬಾಯಿಬಿಟ್ಟೇ ಹೇಳ್ತಿದ್ರು. 'ಹೊರಗೆ ನಮ್ಮನೆಯೋರ ಗಾಡಿ ನಿಂತೈತೆ, ಅದರ ನಂಬರ್ ಹೊಡೀರವ್ವ, ನನ್ನ ಕೈಯಾಗೆ ಹೂವೈತೆ' ಅಂತ. ಹುಡುಗ್ರು ಹೊರಗೆ ಓಡಿ ನಂಬರ್ ನೋಡ್ಕಂಡು ಬರ್ತಿದ್ರು."

ಹುಡುಗರು ಬಂದು ಗಾಡಿಯ ಹಿಂದೆ ಬಗ್ಗಿ ನೋಡಿ ಓಡಿಹೋಗುತ್ತಿದ್ದುದು ನನಗೂ ನೆನಪಿದೆ. ಮಕ್ಕಳಾಟವೆಂದುಕೊಂಡಿದ್ದೆ. ನಾಲ್ಕು ತಾಲೂಕಿನ ಮದುವೆ ಮನೆಗಳ ಮುಂದೆ ನಾನು ಆ ಗಾಡಿಯನ್ನು ನಿಲ್ಲಿಸಿದ್ದೇನೆ. ಕೈಯಲ್ಲಿ ಹೂವಿದ್ದವಳಿಗೆ ಅದೇ ಸುಲಭವಾಗಿ ಕಂಡಿರಬೇಕು. ನನ್ನ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡ ಯಾರು ಬೇಕಾದರೂ ಆ ನಂಬರನ್ನು ಓದಿರಬಹುದು.

ಟೀಚರ್ ಗಾಡಿ ನಂಬರ್ ಹಾಕಿ ನೋಡಿದರು. ತಪ್ಪು ಎಂದು ಬಂತು. ಅಂತರ ಬಿಟ್ಟು, ಬಿಡದೆ, ಎರಡು ಥರ ಹಾಕಿದರು. ತಪ್ಪೇ. "ಬದಲಿ ಮಾಡ್ಯಾನೆ" ಎಂದರು. ಮರೆತಿದ್ದರೆ ಕೋಡ್ ಕಳಿಸುತ್ತೇವೆ ಎಂದು ಕೆಳಗಿತ್ತು. ಒತ್ತಿದರು. ಚಾಲ್ತಿಯಲ್ಲಿಲ್ಲದ ಅವಳ ನಂಬರಿಗೆ ಕೋಡ್ ಹೋಯಿತು.

"ಆತು, ಹೊರಗಾದ್ರೂ ಹಾಕಾನ" ಎಂದು ಅವರು ಪಟ್ಟಿಯಲ್ಲಿ ತಮ್ಮ ಫೋನೊಂದನ್ನು ಬಿಟ್ಟು ಉಳಿದ ಹನ್ನೆರಡನ್ನೂ ಗುರುತು ಮಾಡಿ ಲಾಗ್ ಔಟ್ ಒತ್ತಿದರು. ಒಂದೇ ಹೆಸರು ಉಳಿಯಿತು. ಅವರು ಚಹಾಕ್ಕೆ ಇಡಲು ಹೋದರು. ನಾನು ಫೋನನ್ನೇ ನೋಡುತ್ತ ಕೂತೆ. ಚಹಾ ಸೋಸುವ ಸದ್ದು ಬರುತ್ತಿದ್ದಾಗ ಪಟ್ಟಿಯಲ್ಲಿ ಎರಡನೆಯ ಹೆಸರು ಮೂಡಿತು. ಅದೇ ಕಂಪನಿ. ಈ ಸಲ ಊರು ಚನ್ನಗಿರಿ.

ಇನ್ನೊಮ್ಮೆ ಹೊರಹಾಕಿದೆವು. ಚಹಾ ಆರುವಷ್ಟರಲ್ಲಿ ಮತ್ತೆ ಬಂದ. ಮೂರನೆಯ ಸಲ ಹೊರಹಾಕಲು ಟೀಚರ್ ಕೈ ಎತ್ತಿ, ಹಾಗೇ ಬಿಟ್ಟರು. "ಬೀಗದಕೈ ಅವನ ಹತ್ರ ಐತಣ್ಣ. ನಾವು ಬರೀ ಬಾಗಿಲು ಮುಂದಕ್ಕೆ ಹಾಕ್ತಿದೀವಿ."

ಹುಡುಗಿಯರ ಜೊತೆಗಿನ ಮಾತುಗಳನ್ನು ಅವರೇ ತೆರೆದು ನೋಡಿದರು. ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಮೇಲೆ ಮೇಲೆ ನೋಡುತ್ತ ಹೋಗುವಾಗ ಅವರ ಬೆರಳು ತಾಗಿ ಒಂದು ವಾಯ್ಸ್ ಮೆಸೇಜ್ ಶುರುವಾಯಿತು. ನನ್ನ ಹೆಂಡತಿಗೆ ಟೈಪ್ ಮಾಡಲು ಬೇಸರ. ಎಲ್ಲದಕ್ಕೂ ಮಾತಾಡಿಯೇ ಕಳಿಸುತ್ತಿದ್ದಳು.

"ಬೆನ್ನು ತಿರುಗಿ ನಿಂತು ಒಂದು ಫೋಟೋ ಕಳ್ಸವ್ವ. ಮುಖ ಬ್ಯಾಡ, ಬೆನ್ನು ಸಾಕು. ಜಡೆ ಎಲ್ಲಿಗೆ ಬರ್ತೈತೆ ನೋಡ್ತೀನಿ."

ಹಿಂದೆ ನಮ್ಮ ಮನೆಯ ನಲ್ಲಿಯ ಸದ್ದು ಇತ್ತು. ನೀರು ಬಂದ ದಿನ ಮಾತಾಡಿರಬೇಕು. ಟೀಚರ್ ನನ್ನ ಮುಖ ನೋಡಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು, "ನಿಮ್ಮ ಫೋನು ಹತ್ರ ಹಿಡೀರಿ ಅಣ್ಣ, ಇನ್ನೊಂದ್ಸಲ ಹಾಕ್ತೀನಿ, ರೆಕಾರ್ಡ್ ಮಾಡ್ಕಳ್ರಿ. ಅವ್ರು ಹಿಂಗೆ ಮಾತಾಡಿ ಕಳಿಸ್ತಿದ್ರು, ಇವನು ಟೈಪ್ ಮಾಡ್ಯಾನೆ. ಹೊನ್ನಾಳಿಯವರಿಗೆ ಕೇಳಿಸ್ರಿ" ಎಂದರು. ಅದೊಂದನ್ನು ರೆಕಾರ್ಡ್ ಮಾಡಿಕೊಂಡೆ. ಇನ್ನೂ ನೂರಾರು ಇದ್ದವು. ಎಲ್ಲವೂ ಬೇರೆಯವರ ಮನೆಯ ಹುಡುಗಿಯರ ಜೊತೆಗಿನವು, ಅವರ ಫೋಟೋಗಳ ನಡುವೆ ಇದ್ದವು. ಅವನ್ನು ಕೂತು ಕೇಳುತ್ತೇನೆ ಎನ್ನುವುದು ಹೇಗೆ?

ಐಡಿಯ ಒಡೆಯರು ಸತ್ತಿದ್ದರೆ ಮರಣ ಪ್ರಮಾಣಪತ್ರ ಕಳಿಸಿ ಅದನ್ನು ನಿಲ್ಲಿಸಬಹುದೆಂದು ಟೀಚರ್ ಹುಡುಕಿ ಓದಿದರು. ಪ್ರತಿ ನನ್ನ ಚೀಲದಲ್ಲೇ ಇತ್ತು. ಯಾವ ಆಫೀಸಿಗೆ ಹೋದರೂ ಕೇಳುತ್ತಾರಾದ್ದರಿಂದ ಅದು ಯಾವಾಗಲೂ ಇರುತ್ತದೆ.

"ಎರಡು ಕೇಳ್ತಾರೆ ಅಣ್ಣ. ನೆನಪಿಗೆ ಅಂತ ಇಡ್ಬೇಕಾ, ಪೂರ್ತಿ ತೆಗೀಬೇಕಾ?"

"ನೆನಪಿಗೆ ಇಟ್ಟರೆ ಅವನು ನೋಡಿದ ಫೋಟೋಗಳು?"

"ಗೊತ್ತಿಲ್ಲಪ್ಪ. ಇದ್ರೂ ಇರ್ತಾವೆ."

ಆ ಐಡಿಯಲ್ಲಿ ಅವಳು ಕಟ್ಟಿದ ಇನ್ನೂರಕ್ಕೂ ಹೆಚ್ಚು ಜಡೆಗಳಿದ್ದವು. ಒಂದರಲ್ಲೂ ಅವಳ ಮುಖ ಇರಲಿಲ್ಲ. ಕೆಲವುಗಳಲ್ಲಿ ಕೈ ಇತ್ತು.

"ತೆಗೆದುಬಿಡ್ರಿ" ಎಂದೆ.

ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಅವನು ಒಳಗಿದ್ದ. ನಾನು ನೆನಪಾದ ಮನೆಗಳಿಗೆಲ್ಲ ಫೋನ್ ಮಾಡಿ, ಅವಳ ಹೆಸರಿನಲ್ಲಿ ಏನು ಬಂದರೂ ಉತ್ತರ ಕೊಡಬೇಡಿ ಎಂದು ಹೇಳಿದೆ. ಕೆಲವರು ಪಾಪ ಎಂದರು. ಕೆಲವರು ನನ್ನ ದನಿ ಕೇಳುತ್ತಲೇ ಕಟ್ ಮಾಡಿದರು. ಹನ್ನೊಂದನೆಯ ದಿನ ಟೀಚರ್ ಫೋನ್ ಮಾಡಿ, "ಹೋತು ಅಣ್ಣ. ಹುಡುಕಿದ್ರೂ ಬರಲ್ಲ ಈಗ" ಎಂದರು. ಹದಿಮೂರು ಫೋನುಗಳ ಆ ಪಟ್ಟಿ ಸೊಕ್ಕೆಯಲ್ಲಿ ಲಾಗ್ ಔಟ್ ಒತ್ತಿದ ದಿನವೇ ಹೋಗಿತ್ತು. ಅದರ ಫೋಟೋ ತೆಗೆದುಕೊಳ್ಳಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮರುದಿನ ಹೊನ್ನಾಳಿಗೆ ಹೋದೆ. ಆ ಹುಡುಗಿಯ ತಂದೆ ಮನೆಯ ಮುಂದೆ ಚಪ್ಪರದ ಗಳ ಅಳೆಯುತ್ತಿದ್ದರು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಐಡಿ ತೆಗೆಸಿದ್ದೇನೆ, ಇನ್ನು ಯಾರಿಗೂ ಏನೂ ಬರುವುದಿಲ್ಲ ಎಂದೆ.

"ಯಾರಂತೆ ಅವನು?"

"ಗೊತ್ತಾಗಲಿಲ್ಲ ಸಾರ್."

"ತೆಗೆಸಿದ್ದು ಯಾರು?"

"ನಾನೇ."

"ಎಲ್ಲ ಅಳಿಸಿ ಬಂದೀರಿ ಅನ್ನಿ ಹಂಗಾದ್ರೆ."

ನಾನು ಫೋನ್ ತೆಗೆದು ಆ ಒಂದು ರೆಕಾರ್ಡ್ ಹಾಕಿದೆ. ಅವಳು ಹೀಗೆ ಮಾತಾಡಿ ಕಳಿಸುತ್ತಿದ್ದಳು, ಟೈಪ್ ಮಾಡುತ್ತಿರಲಿಲ್ಲ, ಕೇಳಿ ಸಾರ್ ಎಂದೆ. ಅವರು ಗಳವನ್ನು ಗೋಡೆಗೆ ಒರಗಿಸಿ ತಲೆ ಬಗ್ಗಿಸಿ ಕೇಳಿದರು. ಬೆನ್ನು ತಿರುಗಿ ನಿಂತು ಒಂದು ಫೋಟೋ ಕಳ್ಸವ್ವ, ಮುಖ ಬ್ಯಾಡ ಎಂದು ಅವಳು ಹೇಳಿದಳು.

"ಇದೂ ಫೋಟೋ ಕೇಳಿದ್ದೇ ಆತಲ್ರಿ" ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಕೇಳಿಸಿದ್ದನ್ನು ಹೇಳಿದರು. ಜಡೆ ಕಟ್ಟುವವರು ಹಾಗೆ ಕೇಳಲೇಬೇಕು, ಅಳತೆ ಬೇಕಾಗುತ್ತದೆ ಎಂದು ನಾನು ಶುರು ಮಾಡಿದೆ. ಮಧ್ಯದಲ್ಲೇ ನನ್ನ ಮಾತು ನನಗೇ ಬೇರೆ ಯಾರದೋ ಮಾತಿನಂತೆ ಕೇಳಿ ನಿಲ್ಲಿಸಿದೆ.

"ಉಬ್ರಾಣಿಯಲ್ಲಿ ಒಬ್ಬರು ಚೆನ್ನಾಗಿ ಕಟ್ಟುತ್ತಾರೆ. ಮದುವೆಗೆ ಹೇಳಲಾ ಸಾರ್? ನಾನು ಬರುವುದಿಲ್ಲ, ಅವರೇ ಬರುತ್ತಾರೆ" ಎಂದೆ.

"ಬ್ಯಾಡ್ರಿ" ಎಂದು ಅವರು ಮತ್ತೆ ಗಳ ಎತ್ತಿಕೊಂಡರು. "ಹುಡುಗಿ ಜಡೆನೇ ಬ್ಯಾಡ ಅಂದಾಳೆ. ಬೆನ್ನ ಮ್ಯಾಲೆ ಏನೂ ಬ್ಯಾಡಂತೆ ಅವಳಿಗೆ."