ಗೋಡೆಯ ಕೊನೆಯ ಸಾಲು

ನಮ್ಮ ಕ್ಲಿನಿಕ್ಕಿಗೆ ಬರುವವರೆಲ್ಲ ವಿಮಾನ ಓಡಿಸುವವರು. ವರ್ಷಕ್ಕೊಮ್ಮೆ, ವಯಸ್ಸಾದವರಾದರೆ ಆರು ತಿಂಗಳಿಗೊಮ್ಮೆ, ಇಲ್ಲಿ ಕಣ್ಣು, ಕಿವಿ, ಎದೆ ತೋರಿಸಿ ಡಾಕ್ಟರ ಸಹಿ ಪಡೆಯದಿದ್ದರೆ ಅವರು ವಿಮಾನ ಮುಟ್ಟುವ ಹಾಗಿಲ್ಲ. ಎದೆಗೆ ವೈರು ಅಂಟಿಸಿ ಇಸಿಜಿ ತೆಗೆಯುವವನು ನಾನು. ಪಕ್ಕದ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವವರು ಅಕ್ಕ. ನನ್ನ ಒಡಹುಟ್ಟಿದವರೇನಲ್ಲ, ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಊರಿಗೆಲ್ಲ ಅಕ್ಕ ಆದವರು. ಡಾಕ್ಟರಿಗೂ ಅವರು ಅಕ್ಕನೇ.

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲಿ. ಮುನ್ನೂರು ಜನರನ್ನು ಹೊತ್ತು ಸಮುದ್ರ ದಾಟಿಸುವ ಕ್ಯಾಪ್ಟನ್‌ಗಳು ಅವರ ಮುಂದೆ ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ಶಾಲೆ ಮಕ್ಕಳ ಹಾಗೆ ಕೂತಿರುತ್ತಿದ್ದರು. "ಬೆರಳ ಸಂದಿಯಿಂದ ನೋಡಬೇಡಿ, ನಂಗೆ ಗೊತ್ತಾಗತ್ತೆ" ಎಂದು ಗದರುವ ಅಕ್ಕ ಸ್ವತಃ ವಿಮಾನ ಹತ್ತಿದವರಲ್ಲ. ಯಾಕೆ ಎಂದು ಕೇಳಿದರೆ, "ಇವ್ರನ್ನೆಲ್ಲ ಹತ್ತಿರದಿಂದ ನೋಡಿದೀನಲ್ಲ, ಅದಕ್ಕೇ" ಎಂದು ನಗುತ್ತಿದ್ದರು. ಆದರೆ ಆ ವರ್ಷ ದೂರದ ಊರಿನಲ್ಲಿದ್ದ ಮಗಳಿಗೆ ಹೆರಿಗೆ ಹತ್ತಿರ ಬಂದಿತ್ತು. ರೈಲಿನಲ್ಲಾದರೆ ಎರಡು ದಿನದ ದಾರಿ. ಅಳಿಯ ಗುರುವಾರಕ್ಕೆ ವಿಮಾನದ ಟಿಕೆಟ್ ಮಾಡಿಸಿಬಿಟ್ಟಿದ್ದ.

ಕಣ್ಣಿನ ಕೋಣೆಯ ಗೋಡೆಯ ಮೇಲೆ ಅಂಕಿಗಳ ಚಾರ್ಟು. ಮೇಲೆ ದಪ್ಪ ಅಂಕಿ, ಕೆಳಗಿಳಿದಂತೆ ಸಣ್ಣದು. ಅಕ್ಕ ಕೊನೆಯ ಸಾಲನ್ನು ಮಾತ್ರ ಓದಿಸುತ್ತಿದ್ದರು. ಅದು ಕಂಡವರಿಗೆ ಮೇಲಿನದು ಕಾಣದೆ ಇರುತ್ತದೆಯೇ ಎಂಬುದು ಅವರ ಲೆಕ್ಕ. ಐದು, ಎರಡು, ಒಂಬತ್ತು, ಮೂರು, ಆರು, ಎಂಟು. ನಡುವಿನ ಗೋಡೆ ತೆಳು ಹಲಗೆಯದ್ದು. ಹನ್ನೆರಡು ವರ್ಷ ದಿನವಿಡೀ ಕೇಳಿ ಕೇಳಿ ಗಡ್ಡ ಹೆರೆಯುವಾಗಲೂ ನಾನು ಅದನ್ನೇ ಗುನುಗುತ್ತಿದ್ದೆ.

ಒಂದು ಭಾನುವಾರ ಕ್ಲಿನಿಕ್ಕಿಗೆ ಸುಣ್ಣಬಣ್ಣ ಆಯಿತು. ಹಳೆಯ ಚಾರ್ಟು ಹಳದಿಯಾಗಿ ಅಂಚು ಹರಿದಿತ್ತೆಂದು ಗುಮಾಸ್ತ ಅದನ್ನು ಎಸೆದು, ಬೀರುವಿನಲ್ಲಿದ್ದ ಹೊಸದನ್ನು ಅದೇ ಮೊಳೆಗೆ ತೂಗುಹಾಕಿದ. ಅಳತೆ ಅದೇ, ಸಾಲುಗಳೂ ಅಷ್ಟೇ, ಅಂಕಿಗಳು ಮಾತ್ರ ಬೇರೆ. ಇದು ಯಾರಿಗಾದರೂ ಹೇಳಬೇಕಾದ ವಿಷಯ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲು ಬಂದವರು ದೊಡ್ಡ ಕ್ಯಾಪ್ಟನ್. ತಲೆಯೆಲ್ಲ ಬೆಳ್ಳಗಾಗಿತ್ತು, ದಪ್ಪ ಕನ್ನಡಕ, ನಿವೃತ್ತಿಗೆ ಹನ್ನೊಂದು ತಿಂಗಳು. ಅಕ್ಕನ ಮೇಜಿನ ಮೇಲೆ ಎಂದಿನಂತೆ ಎರಡು ಚಾಕೊಲೇಟು ಇಟ್ಟರು.

"ಗುರುವಾರ ಹೊರಟಿದೀರಂತೆ? ಹೆದರಬೇಡಿ ಅಕ್ಕ. ಒಂದು ನಿದ್ದೆ ತೆಗೀರಿ, ಅಷ್ಟರಲ್ಲಿ ಇಳಿಸಿಬಿಡ್ತೀವಿ."

"ಮೊದಲು ಓದಿ, ಆಮೇಲೆ ಮಾತು."

ಐದು, ಎರಡು, ಒಂಬತ್ತು, ಮೂರು, ಆರು, ಎಂಟು. ಒಂದು ಕಣ್ಣು, ಇನ್ನೊಂದು ಕಣ್ಣು. ಅಕ್ಕ ಬಗ್ಗಿ ಫಾರಂನಲ್ಲಿ ಗುರುತು ಹಾಕಿ ಅವರನ್ನು ನನ್ನ ಕಡೆ ಕಳಿಸಿದರು.

ಅವರನ್ನು ಮಲಗಿಸಿ ವೈರು ಅಂಟಿಸುತ್ತಿದ್ದೆ. ಆಚೆ ಕೋಣೆಗೆ ಸಹಪೈಲಟ್ ಹುಡುಗಿಯೊಬ್ಬಳು ಬಂದು ಕೂತಳು.

"ಏಳು, ನಾಲ್ಕು, ಎರಡು, ಎಂಟು, ಐದು, ಮೂರು."

"ತಪ್ಪು. ನಿಧಾನಕ್ಕೆ ಓದಮ್ಮ."

ಅವಳು ಮತ್ತೆ ಅದನ್ನೇ ಓದಿದಳು.

"ತಪ್ಪು! ರಾತ್ರಿ ನಿದ್ದೆ ಮಾಡಿದೀಯೋ ಇಲ್ವೋ?"

ಮೂರನೆಯ ಸಲವೂ ಹುಡುಗಿ ಅದನ್ನೇ ಓದಿದಳು, ಅಕ್ಕ ಮತ್ತೆ ತಪ್ಪು ಎಂದರು. "ಅಕ್ಕ, ನಂಗೆ ಹಾಗೇ ಕಾಣ್ತಿದೆ. ನೀವೇ ನೋಡಿ ಬೇಕಾದ್ರೆ."

ಕುರ್ಚಿ ಸರಿದ ಸದ್ದು. ಆಮೇಲೆ ಅಕ್ಕ ಗೋಡೆಯ ಅಂಕಿಗಳನ್ನು ಒಂದೊಂದಾಗಿ ತಾವೇ ಓದುವುದು ಕೇಳಿಸಿತು. ಏಳು, ನಾಲ್ಕು, ಎರಡು. ನನ್ನ ಮೇಜಿನ ಮೇಲೆ ಮಲಗಿದ್ದವರಿಗೂ ಎಲ್ಲ ಕೇಳಿಸುತ್ತಿತ್ತು. ಎಪ್ಪತ್ತೆರಡಿದ್ದ ಎದೆಬಡಿತ ಕಾಗದದ ಮೇಲೆ ನೂರಾ ಹನ್ನೆರಡಕ್ಕೆ ಏರಿತು. ನಾನು ಕಾಗದ ನೋಡಿದೆ, ಅವರು ಸೂರು ನೋಡುತ್ತಿದ್ದರು.

ಅಕ್ಕ ಬಾಗಿಲಲ್ಲಿ ನಿಂತರು. ಮುಖದಲ್ಲಿ ರಕ್ತವಿರಲಿಲ್ಲ. "ಕ್ಯಾಪ್ಟನ್, ಇದು ಮುಗಿಸಿ ಇನ್ನೊಂದ್ಸಲ ನನ್ನ ಹತ್ರ ಬನ್ನಿ."

"ಅಕ್ಕ, ಇನ್ನು ಹನ್ನೊಂದೇ ತಿಂಗಳು." ಅವರ ದನಿ ಇಳಿದಿತ್ತು. "ಪಕ್ಕದಲ್ಲಿ ಇನ್ನೊಬ್ಬರು ಇದ್ದೇ ಇರ್ತಾರಲ್ಲ."

"ಇರ್ತಾರೆ. ಅಲ್ಲಿ ಕೂತಿದಾಳಲ್ಲ, ಅವಳ ಥರದವರು. ಸರಿಯಾಗಿ ಓದಿದವಳಿಗೆ ಮೂರು ಸಲ ತಪ್ಪು ಅಂದೆ ನಾನು."

ಅವರು ಎದ್ದು ಹೋಗಿ ಕೂತರು. ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಗೋಡೆ ನೋಡಿ, "ಕಾಣ್ತಿಲ್ಲ" ಎಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಬರೆದುಕೊಟ್ಟು ಡಾಕ್ಟರು ಅವತ್ತೇ ಅವರನ್ನು ಕೆಲಸದಿಂದ ಇಳಿಸಿದರು. ಮೋಸ ಮಾಡಿದ ಮನುಷ್ಯ, ನಿಜ. ಆದರೂ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಮೆಟ್ಟಿಲಿಳಿದು ಹೋದದ್ದನ್ನು ನೋಡಿ ನನಗೆ ಪಾಪ ಅನಿಸಿತು.

ಅಲ್ಲಿಗೆ ಮುಗಿಸಿದ್ದರೆ ಅಕ್ಕನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮೋಸ ಹಿಡಿದವರು ಎಂದು ಹೊಗಳುತ್ತಿದ್ದರೋ ಏನೋ. ಅಕ್ಕ ನೇರ ಡಾಕ್ಟರ ಕೋಣೆಗೆ ಹೋದರು.

"ಅವರು ಬಾಯಿಪಾಠ ಒಪ್ಪಿಸಿದ್ರು, ನಾನೂ ಬಾಯಿಪಾಠದಲ್ಲೇ ಹೂಂ ಅಂದೆ. ಗೋಡೆ ಕಡೆ ಕತ್ತೆತ್ತಿ ಎಷ್ಟು ವರ್ಷ ಆಯ್ತೋ ನಂಗೇ ಗೊತ್ತಿಲ್ಲ. ಈ ವರ್ಷ ನಾನು ಗುರುತು ಹಾಕಿದವರನ್ನೆಲ್ಲ ಮತ್ತೆ ಕರೆಸಿ."

"ನೂರಾ ನಲವತ್ತು ಜನ ಇದಾರೆ ಅಕ್ಕ! ಎಲ್ಲರಿಗೂ ಏನು ಕಾರಣ ಹೇಳೋದು?"

"ಇದ್ದದ್ದು ಹೇಳಿ. ನನ್ನನ್ನ ಇಟ್ಕೋತೀರೋ ಬಿಡ್ತೀರೋ, ಅದು ಆಮೇಲೆ."

ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಸಂಜೆಯ ಹೊತ್ತಿಗೆ ಒಪ್ಪಿದರು, ಅಕ್ಕನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಫೋನುಗಳು ಶುರುವಾದವು. ಅಷ್ಟೂ ಜನ ಬಂದು ಹೋಗಲು ಒಂದೂವರೆ ತಿಂಗಳು ಬೇಕಾಯಿತು, ಅಕ್ಕ ಊರಲ್ಲಿಲ್ಲದಾಗ ಡಾಕ್ಟರೇ ಓದಿಸಿದರು. ಗುರುವಾರದ ಹೊತ್ತಿಗೆ ಬಂದಿದ್ದವರು ಒಂಬತ್ತು ಜನ.

ಗುರುವಾರ ಅಕ್ಕ ವಿಮಾನ ಹತ್ತಿದರು. ಅಲ್ಲಿ ನಡೆದದ್ದನ್ನು ಅವರು ಹೇಳಿದ್ದು ಬಾಣಂತನ ಮುಗಿಸಿ ವಾಪಸು ಬಂದ ಮೇಲೆ, ಚಹಾ ಕುಡಿಯುತ್ತಾ. ಅಷ್ಟರಲ್ಲಿ ಕುರ್ಚಿಯನ್ನು ಬಿಟ್ಟು ಚಾರ್ಟಿನ ಪಕ್ಕದಲ್ಲೇ ಕೋಲು ಹಿಡಿದು ನಿಲ್ಲುವ ಅಭ್ಯಾಸ ಮಾಡಿಕೊಂಡಿದ್ದರು.

"ಬೆಲ್ಟು ಹಾಕ್ಕೊಂಡು ಕೂತಿದೀನಿ ಕಣೋ. ಮೇಲಿನ ಸ್ಪೀಕರಲ್ಲಿ ಕ್ಯಾಪ್ಟನ್ ಮಾತಾಡಿದ್ರು. ದನಿ ಕೇಳಿದ ಕೂಡ್ಲೇ ಗೊತ್ತಾಯ್ತು. ಕೊನೆ ಸಾಲು ಒಂದೇ ಉಸಿರಲ್ಲಿ ಓದ್ತಿದ್ನಲ್ಲ, ಆ ಚಿಕ್ಕ ವಯಸ್ಸಿನ ಕ್ಯಾಪ್ಟನ್, ಅವನು. ಮತ್ತೆ ಬಂದು ಓದಿ ಹೋದ ಒಂಬತ್ತು ಜನರಲ್ಲಿ ಅವನಿರಲಿಲ್ಲ."

ಆ ಕ್ಯಾಪ್ಟನ್ ಮುಂದಿನ ತಿಂಗಳು ಬಂದು ಹೊಸ ಸಾಲನ್ನೂ ಒಂದೇ ಉಸಿರಿಗೆ, ಸರಿಯಾಗಿಯೇ ಓದಿದ. ಆದರೆ ಅದು ಮುಂದಿನ ತಿಂಗಳ ಮಾತು.

"ಇಳಿದುಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ಬಾಗಿಲು ಹಾಕಿದ್ರು. ಅವನು ಬಂದ ದಿನ ನಾನು ಗೋಡೆ ನೋಡಿದ್ನಾ ಇಲ್ವಾ ಅಂತ ದಾರಿಯುದ್ದಕ್ಕೂ ನೆನಪು ಮಾಡ್ಕೊಂಡೆ. ನೆನಪಾಗಲೇ ಇಲ್ಲ. ಪಕ್ಕದಲ್ಲೊಂದು ಹುಡುಗಿ, ಕಾಲೇಜಿನವಳು, ಹೊರಡೋಕೆ ಮುಂಚೆನೇ ನಿದ್ದೆ ಹೋಗಿದ್ಲು. ತಲೆ ನನ್ನ ಹೆಗಲ ಮೇಲೆ ಬಿತ್ತು. ಇಳಿಯೋವರೆಗೂ ನಾನು ಅಲ್ಲಾಡಲಿಲ್ಲ."