ಕೆಂಪು ಬಾಳೆಯ ಕ್ಲಾಸು

ಒಂದು ಕನ್ಫೆಷನ್‌ನಿಂದಲೇ ಶುರುಮಾಡುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಬಾಟನಿ ಕಲಿಸಿದೆ. ಬಾಳೆ ಮರವೇ ಅಲ್ಲ, ದೊಡ್ಡದೊಂದು ಹರ್ಬ್ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದೆ. ಆದರೆ ಕಲಬುರಗಿಯಿಂದ ಬಸ್ಸು ಹತ್ತಿದರೆ ಸಿಗುವ ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ನಮ್ಮನ್ನು ಬೆಳೆಸಿದ್ದೇ ಹಾಗೆ: ತುಟಿಯ ಮೇಲೆ ಬೆರಳು, ಪುಸ್ತಕದ ಮೇಲೆ ಕಣ್ಣು, ಕೇಳುವುದಿದ್ದರೆ ಕೈ ಎತ್ತು. ನನ್ನ ಕ್ಲಾಸನ್ನೂ ಹಾಗೆಯೇ ನಡೆಸಿದೆ. ಕೈಗಳು ಏಳುತ್ತಿದ್ದದ್ದು ಅಪರೂಪ.

ಕಡೆಗೆ ನನ್ನನ್ನು ಅಲ್ಲಿಗೆ ಎಳೆದೊಯ್ದವರು ಸೇಡಂ ರಸ್ತೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಇಬ್ಬರು ಹುಡುಗಿಯರು. ಸಾನಿಯಾ ಎಂಜಿನಿಯರಿಂಗ್, ಭಾಗ್ಯಶ್ರೀ ಕನ್ನಡ ಎಂ.ಎ. ಯೂನಿವರ್ಸಿಟಿಯಲ್ಲಿ ಈಗ ಬೇರೆ ಬೇರೆ ವಿಭಾಗದವರನ್ನು ಜೋಡಿ ಮಾಡಿ, ಊರಿನ ನಿಜವಾದ ಒಂದು ತೊಂದರೆಯನ್ನು ಕೈಗೆ ಕೊಡುತ್ತಾರಂತೆ. ಇವರಿಗೆ ಸಿಕ್ಕಿದ್ದು ಕಮಲಾಪುರದ ತೋಟದ ಒಡತಿ ನಾಗಮ್ಮನ ಬಾಳೆಹಣ್ಣು. ಪೇಟೆ ಮುಟ್ಟುವಷ್ಟರಲ್ಲಿ ಕಪ್ಪಾಗುತ್ತಿತ್ತು. "ಈ ಸಲಾನೂ ಹಿಂಗಾದ್ರ ಎಲ್ಲಾ ಕಿತ್ತು ಕಬ್ಬು ಹಚ್ತೀನಿ" ಎಂದು ಆಕೆ ಹೇಳಿಬಿಟ್ಟಿದ್ದಳು.

ಸಾನಿಯಾ ಪ್ಲಾಸ್ಟಿಕ್ ಕ್ರೇಟಿನ ಒಳಗೆಲ್ಲ ಸ್ಪಂಜು ಹಚ್ಚಿದಳು. "ವೆರಿ ಸೈಂಟಿಫಿಕ್" ಎಂದು ಬೆನ್ನು ತಟ್ಟಿದವಳು ನಾನೇ. ಹಣ್ಣು ಒಳಗೇ ಬೆವರಿ ಇನ್ನೂ ಬೇಗ ಕಪ್ಪಾಯಿತು.

"ಏನ್ರೀ ಬಾಯಾರ, ಇಂಥಾ ಬಿಸಲಾಗ ಹಣ್ಣಿಗೆ ಕೌದಿ ಹೊಚ್ಚೀರಲ್ಲ!" ಎಂದಳು ನಾಗಮ್ಮ; ಬಾಯಾರು ಅಂದರೆ ಅಲ್ಲಿ ಟೀಚರಮ್ಮ. ನಾನು ತುಟಿಯ ಮೇಲೆ ಬೆರಳಿಟ್ಟುಕೊಂಡೆ.

ಆಗ ಫಿಸಿಕ್ಸಿನ ಗಂಧವೂ ಇಲ್ಲದ ಭಾಗ್ಯಶ್ರೀ ಕೇಳಿದಳು: "ಯವ್ವಾ, ಮೊದಲ ಹೆಂಗ ಒಯ್ತಿದ್ರಿ?"

"ಒಣಗಿದ ಬಾಳಿ ಎಲಿ ಸುತ್ತಿ, ಬಿದಿರ ಬುಟ್ಟ್ಯಾಗ. ವ್ಯಾಪಾರಿ ಕ್ರೇಟ್ ಬೇಕಂದ, ಬಿಟ್ವಿ."

"ಮತ್ತ ನಮಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?"

ಸಾನಿಯಾ ಒಂದು ಒಣ ಎಲೆಯನ್ನು ಬೆಳಕಿಗೆ ಹಿಡಿದು ನಿಂತುಬಿಟ್ಟಳು. "ಇದು ಹಣ್ಣಿಗೆ ಪೆಟ್ಟು ಬೀಳಗೊಡಂಗಿಲ್ಲ, ಗಾಳೀನೂ ತಡಿಯಂಗಿಲ್ಲ!" ಆಮೇಲೆ ನಾನು ಕಂಡದ್ದನ್ನು ಯಾವ ಲ್ಯಾಬಿನಲ್ಲೂ ಕಂಡಿಲ್ಲ. ಕನ್ನಡದ ಹುಡುಗಿ ಟೇಪು ಹಿಡಿದು ಕ್ರೇಟಿಗೆ ತೂತು ಎಲ್ಲಿ ಬೇಕೆಂದು ಅಳೆಯುತ್ತಿದ್ದಾಳೆ. ಎಂಜಿನಿಯರು ನಾಗಮ್ಮನ ಮುಂದೆ ಕುಕ್ಕರಗಾಲಲ್ಲಿ ಕುಂತು ಎಲೆ ಸುತ್ತುವುದನ್ನು ಕಲಿಯುತ್ತಿದ್ದಾಳೆ. ಒಬ್ಬಳ ಪ್ರಶ್ನೆಗೆ ಇನ್ನೊಬ್ಬಳ ಕೈಯಲ್ಲಿ ಉತ್ತರ ಮೂಡುತ್ತಿತ್ತು. ನಾನು ಬಾಯಿ ತೆರೆದುಕೊಂಡೇ ನೋಡಿದೆ.

ಮುಂದಿನ ಲೋಡು ಪೇಟೆಯಲ್ಲಿ ಕೆಂಪಗೇ ಇಳಿಯಿತು. "ಕಬ್ಬು ಇರ್ಲಿ ಬಿಡ್ರಿ" ಎಂದ ನಾಗಮ್ಮ, ಗಿಡದ ಬುಡದಿಂದ ಒಂದು ಕಂದು ಅಗೆದು ನನ್ನ ಮುಂದಿಟ್ಟಳು. "ಮನ್ಯಾಗ ಹಚ್ರಿ, ಬಾಯಾರ."

ಮೂವತ್ತು ವರ್ಷ ಬಾಳೆ ಕಲಿಸಿದವಳಿಗೆ ಗುಂಡಿ ಎಷ್ಟು ಆಳ ತೋಡಬೇಕೆಂದು ಗೊತ್ತಿರಲಿಲ್ಲ. ಕೇಳಲೋ ಬೇಡವೋ ಎಂದುಕೊಳ್ಳುತ್ತಿದ್ದೆ. ಹುಡುಗಿಯರು ಕಿಸಕ್ಕನೆ ನಕ್ಕಾಗ ನೋಡಿಕೊಂಡೆ: ನನ್ನ ಬಲಗೈ ಆಗಲೇ ಮೇಲೆದ್ದಿತ್ತು.